ಬಾಗೇವಾಡಿಯಲ್ಲಿ ಬಣ್ಣದ ಓಟ

ಸಿಂದಗಿಯ ಬಸ್ ನಿಲ್ದಾಣಕ್ಕೆ ನಾನು ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಚಳಿ ಇತ್ತು. ಮೈಯೆಲ್ಲ ಕೊಬ್ಬರಿ ಎಣ್ಣೆಯ ವಾಸನೆ. ಹೊರಡುವ ಮುಂಚೆ ಅತ್ತೆ ನನ್ನನ್ನು ಹೊಸ್ತಿಲಲ್ಲಿ ಕೂರಿಸಿಕೊಂಡು ಕೂದಲಿಗೆ, ಕೈಗೆ, ಕತ್ತಿಗೆ ಎಣ್ಣೆ ತಿಕ್ಕಿದ್ದರು. "ಎಣ್ಣಿ ಇದ್ದರ ಬಣ್ಣ ಲಗೂನ ಬಿಡತೈತಿ. ನನಗಂತೂ ಯಾರೂ ಹೋಗು ಅನಲಿಲ್ಲ. ನೀ ಹೋಗಿ ಬಾ," ಎಂದಿದ್ದರು. ಅವರೂ ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರು.

ನನ್ನವರು ತೀರಿಕೊಂಡು ಎರಡು ವರ್ಷ. ಅಂದಿನಿಂದ ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಅರಿಷಿಣ ಕುಂಕುಮದ ತಟ್ಟೆ ನನ್ನ ಕುರ್ಚಿಯನ್ನು ದಾಟಿ ಮುಂದೆ ಹೋಗುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಬಹಳ ಮರ್ಯಾದೆಯಿಂದ ದಾಟಿಸುತ್ತಾರೆ. ಅದಕ್ಕೇ ಬಸವನ ಬಾಗೇವಾಡಿಯಲ್ಲಿ ಹೆಂಗಸರಿಗೆ ಬಣ್ಣದ ಓಟ ಇದೆ, ದಾರಿಯುದ್ದಕ್ಕೂ ಬಣ್ಣ ಎರಚುತ್ತಾರೆ ಎಂದು ವಿಮಲಾ ಫೋನು ಮಾಡಿದಾಗ ನಾನು ಎರಡನೆಯ ಮಾತಿಲ್ಲದೆ ಒಪ್ಪಿದೆ. ಓಟ ಯಾರಿಗೆ ಬೇಕಿತ್ತು? ನನಗೆ ಬಣ್ಣ ಬೇಕಿತ್ತು, ಅದೂ ಗೆಳತಿಯರ ಕೈಯಿಂದ.

ವಿಮಲಾ ಇಂಡಿಯಿಂದ ಬಂದಿಳಿದಳು. ವಿಜಯಪುರದ ಹಾಸ್ಟೆಲ್ಲಿನಲ್ಲಿ ಅವಳು, ನಾನು, ಮುದ್ದೇಬಿಹಾಳದ ಶೋಭಾ ಒಂದೇ ಕೋಣೆಯಲ್ಲಿ ಇದ್ದವರು. ನನ್ನ ಕೈ ಹಿಡಿದವಳೇ ನಕ್ಕಳು.

"ಏನಲೇ ಸುವರ್ಣಿ, ಹಿಂಗ್ಯಾಕ ಜಾರಾಕತ್ತೀ?"

"ಅತ್ತಿ ಎಣ್ಣಿ ಹಚ್ಚ್ಯಾರ. ಬಣ್ಣ ಬಿಡಲಿ ಅಂತ."

ಅವಳು ಮಾತು ಬದಲಿಸಿ ಚಹಾ ತರಿಸಿದಳು. ಆಗ ನನಗೆ ಏನೂ ಅನ್ನಿಸಲಿಲ್ಲ.

ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡು ಕೂತೆವು. ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ಬಿಸಿಲು ಬಿತ್ತು. ತೊಗರಿ ಹೊಲಗಳು ಬರಿದಾಗಿದ್ದವು, ಜೋಳ ತೆನೆ ಹಿಡಿದು ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ ನಮ್ಮ ಬಸ್ಸು ಬಾಗೇವಾಡಿ ಮುಟ್ಟಲು ಎರಡು ತಾಸಿನ ಮೇಲಾಯಿತು. ಶೋಭಾ ಮೈದಾನದ ಬಾಗಿಲಲ್ಲೇ ಕಾಯುತ್ತಿದ್ದಳು. ಮೂವರೂ ಅಪ್ಪಿಕೊಂಡೆವು. ವಿಮಲಾ ಒಳಗೆ ಹೋಗಿ ಮೂವರ ಬಿಳಿ ಟೀ ಶರ್ಟು ತಂದಳು. ನನ್ನ ಮಣಿಕಟ್ಟಿಗೆ ಒಂದು ಬಿಳಿ ಪಟ್ಟಿಯನ್ನೂ ಅವಳೇ ಕಟ್ಟಿದಳು. ಅವರಿಬ್ಬರಿಗೆ ಹಸಿರು ಪಟ್ಟಿ ಇತ್ತು. ಹಸಿರು ಮುಗಿದಿರಬೇಕು ಅಂದುಕೊಂಡೆ.

ಮೂರು ಕಿಲೋಮೀಟರಿನ ಓಟ. ಸೀರೆ ಎತ್ತಿ ಕಟ್ಟಿದವರು, ಚೂಡಿದಾರದವರು, ಎಲ್ಲರೂ ಡಿಜೆಯ ಸದ್ದಿಗೆ ಕಿರುಚುತ್ತ ಹೊರಟೆವು. ಮೊದಲ ತಿರುವಿನಲ್ಲಿ ಹಸಿರು ಬಣ್ಣ ಹಿಡಿದ ಹುಡುಗಿಯರು ಸಾಲಾಗಿ ನಿಂತಿದ್ದರು. ನಾನು ಬಂದಾಗ ಅವರ ಕೈ ಕೆಳಗಿಳಿಯಿತು. ಬದಿಯಲ್ಲಿ ಓಡಿದ್ದಕ್ಕೆ ಹೀಗಾಯಿತು ಎಂದು ನೀಲಿಯ ಹತ್ತಿರ ನಟ್ಟನಡುವೆ ನುಗ್ಗಿದೆ. ಅಲ್ಲಿಯೂ ಕೈ ಇಳಿಯಿತು. ಹಳದಿಯ ಹತ್ತಿರ ನಾನು ನಿಂತೇಬಿಟ್ಟೆ.

"ಯಾಕವ್ವ, ನನಗ್ಯಾಕ ಹಾಕವಲ್ಲಿ?"

ಆ ಹುಡುಗಿ ಗಾಬರಿಯಾದಳು. "ಅಕ್ಕಾರ, ನಿಮ್ಮ ಕೈಯಾಗ ಬಿಳಿ ಪಟ್ಟಿ ಐತಲ್ರಿ. ಧೂಳಿನ ಅಲರ್ಜಿ ಇದ್ದವರಿಗೆ ಕಟ್ಟತಾರ್ರಿ. ಅವರ ಮ್ಯಾಲೆ ಬಣ್ಣ ಹಾಕಬ್ಯಾಡ್ರಿ ಅಂತ ಹೇಳ್ಯಾರ."

ಹದಿನೈದು ವರ್ಷದಿಂದ ಸೀಮೆಸುಣ್ಣದ ಪುಡಿ ಕುಡಿಯುತ್ತ ಪಾಠ ಮಾಡುವ ನನಗೆ ಧೂಳಿನ ಅಲರ್ಜಿ! ಹಿಂದೆ ತಿರುಗಿದೆ. ವಿಮಲಾ, ಶೋಭಾ ನಿಂತಿದ್ದರು, ಅಡಿಯಿಂದ ಮುಡಿಯವರೆಗೆ ಬಣ್ಣ.

"ನೀ ಹೇಳಿದಿ ಏನ ವಿಮಲಾ?"

"ನಿನ್ನ ಸಲುವಾಗೇ ಹೇಳೀನವ್ವ. ಹಳದಿ ಐತಿ, ಮುಂದ ಕೆಂಪ ಐತಿ. ಎಲ್ಲಾರೂ ಫೋಟೋ ಹಿಡ್ಯಾಕತ್ತಾರ. ನಾಳೆ ನಿಮ್ಮ ಅತ್ತಿ ನೋಡಿದರ?"

"ಎಣ್ಣಿ ಹಚ್ಚಿ ಕಳಿಸಿದಾಕಿನೇ ಅತ್ತಿ."

"ಹಿರಿಯಾರು ಬಾಯಿಲೆ ಹೂಂ ಅಂತಾರ. ಮನಸಿನ್ಯಾಗ ಬ್ಯಾರೆ ಇರತೈತಿ."

"ನಿನಗೂ ಗೊತ್ತಿತ್ತೇನ ಶೋಭಾ?"

ಶೋಭಾ ಕೂದಲಿನ ಬಣ್ಣ ಕೊಡವಿಕೊಳ್ಳುತ್ತ ನೆಲ ನೋಡಿದಳು.

ಸಿಟ್ಟು ನೆತ್ತಿಗೇರಿತು. ಪಟ್ಟಿ ಕಿತ್ತು ಬಿಸಾಕಿದೆ. ಬುಟ್ಟಿಯಿಂದ ಒಂದು ಹಿಡಿ ಹಳದಿ ತೆಗೆದು ವಿಮಲಾಳ ಅಂಗೈಗೆ ಸುರಿದು ನನ್ನ ಗಲ್ಲ ಮುಂದೆ ಮಾಡಿದೆ. "ಅತ್ತಿ ಇಲ್ಲಿಲ್ಲ. ನೀ ಹಚ್ಚು," ಎಂದೆ.

ಅವಳ ಕೈ ನನ್ನ ಮುಖದ ಹತ್ತಿರದವರೆಗೂ ಬಂತು. ಆಮೇಲೆ ಮೆಲ್ಲಗೆ ಹಿಂದೆ ಹೋಯಿತು. "ಬ್ಯಾಡವ್ವ, ಮಂದಿ ನೋಡಾಕತ್ತಾರ," ಎನ್ನುತ್ತ ಆ ಹಳದಿಯನ್ನು ತನ್ನ ಅಂಗಿಗೇ ಒರೆಸಿಕೊಂಡಳು. ಬುಟ್ಟಿಯ ಹುಡುಗಿಯನ್ನು ಕೇಳಿದ್ದರೆ ಹಾಕುತ್ತಿದ್ದಳೇನೋ. ಕೇಳಲಿಲ್ಲ. ಗುರುತಿಲ್ಲದವರ ಕೈಯ ಬಣ್ಣಕ್ಕೆ ನಾನು ಸಿಂದಗಿಯಿಂದ ಬಂದಿರಲಿಲ್ಲ.

ಉಳಿದ ದಾರಿ ನಡೆದೇ ಮುಗಿಸಿದೆ. ಮೈದಾನದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಕೊಟ್ಟರು. ಮಿರ್ಚಿ ತಣ್ಣಗಾಗಿತ್ತು. ಫೋಟೋಕ್ಕೆ ಶೋಭಾ ಕರೆದಳು, ನಾನು ಹೋಗಲಿಲ್ಲ. ಅವಳು ಅಳುಮುಖ ಮಾಡಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದಳು. ನನಗೆ ಕರುಣೆ ಬರಲಿಲ್ಲ.

ನಮ್ಮ ಬಸ್ಸಿನ ಕಂಡಕ್ಟರ್ ವಿಮಲಾಳನ್ನು ನೋಡಿ, "ಬಾಯಾರ, ಸೀಟಿಗೆ ಬಣ್ಣ ಹತ್ತತೈತಿ, ನಿಂತ ಬರ್ರಿ," ಎಂದ. ನನ್ನ ಕಡೆ ತಿರುಗಿ, "ನೀವು ಕೂಡ್ರಿ ಅಕ್ಕಾರ, ನಿಮ್ಮ ಅರಿಬಿ ಸ್ವಚ್ಛ ಅದಾವು," ಎಂದ. ಸಿಂದಗಿಯವರೆಗೂ ಅವಳು ನನ್ನ ಪಕ್ಕದ ಕಂಬಿ ಹಿಡಿದು ನಿಂತೇ ಇದ್ದಳು. ನಾನು ಕಿಟಕಿಯಾಚೆಯ ಜೋಳ ನೋಡುತ್ತ ಕೂತೇ ಇದ್ದೆ. ಇಂಡಿಯ ಬಸ್ಸಿಗೆ ಅವಳು ಹೊರಟಾಗ ಹೋಗಿ ಬಾ ಎಂದು ಕೂಡ ಅನ್ನಲಿಲ್ಲ.

ಮನೆಯ ಮುಂದೆ ಹೊಗೆ ಆಡುತ್ತಿತ್ತು. ಅತ್ತೆ ಹಂಡೆಗೆ ಉರಿ ಹಾಕಿ, ಒಂದು ಬಟ್ಟಲಿನಲ್ಲಿ ಕಡಲೆಹಿಟ್ಟು ಕಲಸಿಟ್ಟುಕೊಂಡು ಕಾಯುತ್ತಿದ್ದರು. "ಬಾ, ನೀರು ಕಾದಾವ. ಒಳಗ ಬರಬ್ಯಾಡ, ಬಣ್ಣ ನೆಲಕ್ಕ ಹತ್ತೀತು, ಹಂಗ ಬಚ್ಚಲಕ್ಕ ಹೋಗು," ಎನ್ನುತ್ತಲೇ ಎದ್ದು ಬಂದರು. ಹತ್ತಿರ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನನ್ನ ಕೈ ತಿರುವಿ, ಅಂಗೈಗೆ ಅಂಟಿದ್ದ ಚೂರು ಹಳದಿಯನ್ನು ನೋಡಿದರು.

"ಯಾಕ ಸುವರ್ಣಾ, ಬಣ್ಣ ಸಾಲಲಿಲ್ಲೇನ?"

"ಹೂಂ ಅತ್ತಿ, ಸಾಲಲಿಲ್ಲ."

ಅವರು ಕಡಲೆಹಿಟ್ಟಿನ ಬಟ್ಟಲನ್ನು ನನ್ನ ಕೈಗೆ ಕೊಡದೆ ಹಿಂದಕ್ಕೆ ಒಯ್ದರು.