ಕೊನೆಯ ಗದ್ದೆಗೆ ಮೊದಲ ನೀರು

ಎಂ.ಎ. ಪದವಿಗೆಂದು ಲಿಂಗಯ್ಯ ಬರೆಯುತ್ತಿದ್ದ ಪ್ರಬಂಧದಲ್ಲಿ ನಾಲ್ಕು ಅಧ್ಯಾಯ ಮುಗಿದಿದ್ದವು. ಬಾಕಿ ಉಳಿದದ್ದು ಪೀಠಿಕೆಯೊಂದೇ. ಮೊದಲ ಅಧ್ಯಾಯವನ್ನು ಕೊನೆಗೆ ಬರೆಯುವುದೇನು ವಿಚಿತ್ರ ಎನ್ನಬೇಡಿ, ಮನೆ ಕಟ್ಟಿ ಆದ ಮೇಲೆ ತಾನೇ ಬಾಗಿಲಿಗೆ ತೋರಣ ಕಟ್ಟುವುದು? ಮೈಸೂರಿನ ಪ್ರೊಫೆಸರು ಎಂಟು ದಿನ ಗಡುವು ಕೊಟ್ಟಿದ್ದರು. ಸೋಮವಾರದೊಳಗೆ ಪೀಠಿಕೆ ಮೇಜಿನ ಮೇಲಿದ್ದರೆ ಈ ವರ್ಷ ಪದವಿ, ಇಲ್ಲದಿದ್ದರೆ ಇಲ್ಲ. ಊರಲ್ಲಿ ಕೂತು ಬರೆದರೆ ಕೈ ಓಡುತ್ತದೆಂದು ಲಿಂಗಯ್ಯ ಟ್ರಂಕು ಹೊತ್ತು ಮದ್ದೂರಿನಲ್ಲಿ ರೈಲಿಳಿದು, ಮಳವಳ್ಳಿ ರಸ್ತೆ ಹಿಡಿದು ಮೂರು ಮೈಲಿ ನಡೆದು ಕಳ್ಳೀಕೆರೆಗೆ ಬಂದ. ಅದು ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿಯ ಬೇಸಗೆ.

ಪ್ರಬಂಧದ ವಿಷಯ ಕೆರೆ ನೀರು. ನಾಲೆ ಬರುವ ಮೊದಲು ಮದ್ದೂರು ಸೀಮೆಯ ಊರುಗಳು ಕೆರೆಯ ನೀರನ್ನು ಹೇಗೆ ಹಂಚಿಕೊಳ್ಳುತ್ತಿದ್ದವು ಎಂಬುದು. ಇದಕ್ಕಾಗಿ ಅವನು ಎರಡು ವರ್ಷ ಅಲೆದಿದ್ದ. ಪಟೇಲರನ್ನು ಕಂಡಿದ್ದ, ಶಾನುಭೋಗರ ಕಡತ ನಕಲು ಮಾಡಿಕೊಂಡಿದ್ದ, ಮಂಡ್ಯದ ಕಚೇರಿಯಲ್ಲಿ ದೂಳು ಕುಡಿದಿದ್ದ. ಎಲ್ಲೆಲ್ಲೋ ಹೋದವನು ತನ್ನ ಮನೆಯ ಜಗಲಿಯಲ್ಲಿ ಮಾತ್ರ ಸೋತಿದ್ದ. ಅವನ ಅಪ್ಪ ನಿಂಗಯ್ಯನೇ ಕಳ್ಳೀಕೆರೆಯ ನೀರಗಂಟಿ. ಇಪ್ಪತ್ತಾರು ವರ್ಷ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೂ ಸರದಿಯ ಮೇಲೆ ನೀರು ಬಿಟ್ಟವನು. ಮಗ ಒಮ್ಮೆ ಕೇಳಿದ್ದ: "ಅಪ್ಪ, ಬರಗಾಲದಲ್ಲಿ ಯಾರಿಗೆ ಎಷ್ಟು ನೀರು ಬಿಡ್ತಿದ್ದೆ?"

"ಅದ ಏಳಂಗಿಲ್ಲ ಕಣ್ಲಾ," ಎಂದು ಅಪ್ಪ ಎದ್ದುಹೋಗಿದ್ದ.

ಹೇಳುವುದಕ್ಕೆ ನಾಚಿಕೆಯೇನೋ ಎಂದುಕೊಂಡ ಲಿಂಗಯ್ಯ. ಹಾಗೆಂದುಕೊಳ್ಳಲು ಅವನಿಗೆ ಕಾರಣವೂ ಇತ್ತು. ಅವನಿಗೆ ಹತ್ತು ವರ್ಷವಾಗಿದ್ದಾಗ ಬರ ಬಿದ್ದು, ಮನೆಯಲ್ಲಿ ಆರು ತಿಂಗಳು ಅನ್ನದ ಮುಖ ಕಂಡಿರಲಿಲ್ಲ. "ನೀರಗಂಟಿ ಮಗನ್ಗೆ ಗಂಜೀನೇ ಗತಿ ಕಣ್ರಲಾ," ಎಂದು ಸ್ಕೂಲಿನ ಹುಡುಗರು ಆಡಿಕೊಂಡಿದ್ದರು. ದೊಡ್ಡವರ ಗದ್ದೆಗೆ ನೀರು ಹರಿಸಿ ಮನೆಯವರನ್ನು ಉಪವಾಸ ಕೆಡವಿದ ಅಪ್ಪನ ಮೇಲೆ ಅವನಿಗೆ ಸಿಟ್ಟಿತ್ತು. ಆ ಸಿಟ್ಟು ಎಂ.ಎ.ವರೆಗೂ ಜೊತೆಯಲ್ಲೇ ಓದಿಕೊಂಡು ಬಂದಿತ್ತು.

ಮೇಲಾಗಿ ಯಾವನೋ ಇಂಜಿನಿಯರು ಬರೆದ ಹಳೆಯ ವರದಿಯೊಂದು ಸಿಕ್ಕಿತು. ನೀರೆಲ್ಲ ದೊಡ್ಡವರ ಗದ್ದೆಗೇ ಹೋಗುತ್ತಿತ್ತೆಂದು ಅದೂ ಹೇಳುತ್ತಿತ್ತು. ಶಾನುಭೋಗರ ಕಡತದಲ್ಲೂ ಗದ್ದೆಗಳ ಹೆಸರು ಕೆರೆ ಏರಿಯ ಬುಡದಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತಿತ್ತು. ಬರೆದ ಕ್ರಮವೇ ನೀರು ಹರಿದ ಕ್ರಮ ಎಂದು ಲಿಂಗಯ್ಯ ತಿಳಿದ. ಓದಿದವರ ಹಣೆಬರಹವೇ ಇದು ನೋಡಿ, ಕಾಗದದ ಮೇಲಿದ್ದರೆ ಸಾಕು, ನೀರು ಕೂಡ ಅವರು ಹೇಳಿದ ಕಡೆಗೇ ಹರಿಯಬೇಕು!

ಗುರುವಾರದ ಹೊತ್ತಿಗೆ ಪೀಠಿಕೆ ಮುಗಿಯಿತು. ಅಪ್ಪ ಹೊಂಗೆ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ. ಅವ್ವ ಮಾಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಏನ್ ಬರ್ದಿದ್ದೀಯ, ಓದ್ಲಾ. ನಾವೂವೆ ಕೇಳಾನ," ಎಂದ ಅಪ್ಪ. ಮುಖದಲ್ಲಿ ಹಿಗ್ಗು ಮುಚ್ಚಿಡಲು ಬರಲಿಲ್ಲ.

ಲಿಂಗಯ್ಯ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿಕೊಂಡು ಓದಿದ. ಕೆರೆಯ ಕಾಲದಲ್ಲಿ ನೀರಿಗೆ ನ್ಯಾಯವೆಂಬುದೇ ಇರಲಿಲ್ಲ. ಏರಿಯ ಕೆಳಗಿನ ಮೊದಲ ಗದ್ದೆಗಳವರು ಬೇಕಾದಷ್ಟು ಹಾಯಿಸಿಕೊಂಡು, ಕೊನೆಯ ಗದ್ದೆಗಳನ್ನು ಒಣಗಿಸುತ್ತಿದ್ದರು. ನೀರಗಂಟಿಗಳು ಬಲವಿದ್ದವರ ಕೈಗೊಂಬೆಗಳಾಗಿದ್ದರು. ನಾಲೆ ಬಂದ ಮೇಲೆಯೇ ಬಡವನ ಗದ್ದೆ ನೀರು ಕಂಡಿತು.

ಹಗ್ಗ ಹೊಸೆಯುವ ಕೈ ನಿಂತಿತು. ನಿಂಗಯ್ಯ ಮಗನನ್ನು ಒಂದು ಗಳಿಗೆ ನೋಡಿದ. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೆರೆಯ ಕಡೆ ನಡೆದುಬಿಟ್ಟ. ಮಧ್ಯಾಹ್ನ ಮುದ್ದೆ ಆರಿ ಕಲ್ಲಾಯಿತು. ಅವನು ಉಣ್ಣಲು ಬರಲಿಲ್ಲ.

ಮಾಯಮ್ಮನಿಗೆ ತಡೆಯಲಾಗಲಿಲ್ಲ. ಹುಣಸೆಹಣ್ಣಿನ ಮೊರವನ್ನು ನೆಲಕ್ಕೆ ಕುಕ್ಕಿದಳು.

"ಏನ್ಲಾ ಓದ್ದೋನೆ, ನಿಮ್ಮಪ್ಪನ್ನ ಕಳ್ಳ ಅಂತ ಬರ್ಕಂಡು ಡಿಗ್ರಿ ತಕತೀಯ?"

"ನಾನು ಅಪ್ಪನ ಹೆಸರು ಎಲ್ಲಿ ಬರೆದೆ ಅವ್ವ? ಕೇಳಿದ್ರೆ ಬಾಯೇ ಬಿಡಲಿಲ್ಲ. ನಾನೇನು ಮಾಡಲಿ?"

"ಎಂಗ್ ಬುಡ್ತಾನೆ? ನೀರಗಂಟಿ ಆಗೋ ದಿನ ತೂಬಿನ ನೀರ್‍ನಾಗೆ ಕೈ ಅದ್ದಿ ಆಣೆ ಮಾಡ್ಬೇಕು ಕಣ್ಲಾ, ಯಾರ್ ಗದ್ದೆ ಎಷ್ಟ್ ಕುಡೀತು ಅಂತ ಸಾಯೋಗಂಟ ಏಳಾಕಿಲ್ಲ ಅಂತ. ಏಳುದ್ರೆ ಊರ್‍ನಾಗೆ ತಲೆ ಒಡೆದಾಡ್ತಾರೆ ಅಂತ. ಆಣೆ ಮಾಡ್ದೋನು ಅವ್ನು. ನಾನೇನ್ ಮಾಡಿಲ್ವಲ್ಲ? ಕೇಳು, ನಾನ್ ಏಳ್ತೀನಿ."

ಹೇಳಿದಳು. ಹದಿಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಸುರಿದಳು. ಕೆರೆ ತುಂಬಿದ ವರ್ಷ ನೀರು ಮೇಲಿನಿಂದ ಕೆಳಕ್ಕೆ ಹಾಯುತ್ತಿತ್ತು. ಕೆರೆ ಬತ್ತಿದ ವರ್ಷ ಸರದಿ ತಿರುಗುತ್ತಿತ್ತು. ಏರಿ ಬುಡದ ಗದ್ದೆಗಳ ಬಾಯಿಗೆ ಮಣ್ಣು ಮೆತ್ತಿ, ನೀರನ್ನು ಮೊದಲು ಕಟ್ಟಕಡೆಯ ಗದ್ದೆಗೆ ಬಿಡಬೇಕು. ಮೇಲಿನವರು ಕಳ್ಳಗಿಂಡಿ ತೋಡದಂತೆ ನಿಂಗಯ್ಯ ಕೋಲು ಹಿಡಿದು ಕಾಲುವೆಯ ಮೇಲೆ ಕಾಯುತ್ತಿದ್ದ. ಕೆಳಗಿನಿಂದ ಹತ್ತುತ್ತಾ ಬಂದ ಸರದಿ ಮೇಲಕ್ಕೆ ತಲುಪುವಷ್ಟರಲ್ಲಿ ಕೆರೆಯಲ್ಲಿ ನೀರೇ ಇರುತ್ತಿರಲಿಲ್ಲ.

"ಕಟ್ಟಕಡೇ ಗದ್ದೆ ಬಿಬಿ ಜಾನ್‌ದು. ಗಂಡ ಇಲ್ಲದೋಳು. ಆ ವರ್ಸ ಅವ್ಳ್ ಗದ್ದೆ ಬೆಳೀತು. ಪಾಪ, ನಮ್ ಪಾಡ್ ನೋಡ್ನಾರ್ದೆ ಒಂದ್ ಮೊರ ಬತ್ತ ತಂದ್ಲು. ಸರದಿಗೆ ಕೂಲಿ ಇಸ್ಕಂಡಂಗಾಯ್ತದೆ ಅಂತ ನಿಮ್ಮಪ್ಪ ತಿರುಗ್ಸಿ ಕಳಿಸ್ದ. ನೀನು ಒಳ್ಗೆ ಅನ್ನಕ್ಕೆ ಅಳ್ತಾ ಇದ್ದೆ. ನಾನ್ ಅವ್ನ ಇವತ್ಗೂ ಸಮಿಸಿಲ್ಲ, ಆ ಮಾತ್ ಬೇರೆ. ಆದ್ರೆ ಕಳ್ಳ ಅನ್ಬ್ಯಾಡ."

"ನಮ್ಮ ಗದ್ದೆಯ ಸರದಿ ಯಾವಾಗ ಬರ್ತಿತ್ತು ಅವ್ವ?"

"ಊರವ್ರು ನೀರಗಂಟಿಗೆ ಕೊಡೋದು ತೂಬಿನ ಬುಡದಾಗೇ ಅಲ್ವಾ? ಎಲ್ಲರ್‍ಗಿಂತ ಮೇಲೆ. ಅಂಗಂದ್ರೆ ಎಲ್ಲರ್‍ಗಿಂತ ಕೊನೇಗೆ."

ಲಿಂಗಯ್ಯ ಟ್ರಂಕು ತೆಗೆದು ನಕಲು ಮಾಡಿದ್ದ ಕಾಗದಗಳನ್ನೆಲ್ಲ ಜಗಲಿಯ ಮೇಲೆ ಹರಡಿದ. ಬರದ ವರ್ಷದಲ್ಲಿ ಶಾನುಭೋಗರು ಒಣಗಿದ ಗದ್ದೆಗಳ ಪಟ್ಟಿ ಬರೆದಿಟ್ಟಿದ್ದರು. ಅದನ್ನು ಅವನು ತನ್ನ ಕೈಯಾರೆ ನಕಲು ಮಾಡಿಕೊಂಡು ಬಂದಿದ್ದ. ಬಂದು, ನೋಡದೆ ಮಡಿಸಿಟ್ಟಿದ್ದ. ಈಗ ಬೆರಳಿಟ್ಟು ಓದಿದ. ಏರಿ ಬುಡದ ಪಟೇಲರ ಗದ್ದೆ ಒಣಗಿತ್ತು. ಪಟೇಲರ ಭಾವಮೈದುನನದೂ ಒಣಗಿತ್ತು. ಕೊನೆಯ ಗದ್ದೆಗಳ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಎಲ್ಲಕ್ಕೂ ಮೇಲೆ, ಅವನದೇ ದುಂಡು ಅಕ್ಷರದಲ್ಲಿ ಇತ್ತು: ನೀರಗಂಟಿ ನಿಂಗಯ್ಯನ ಗದ್ದೆ, ಹತ್ತು ಗುಂಟೆ, ಪೂರಾ ಒಣಗಿದೆ.

ಅವನು ಆ ಸಾಲನ್ನು ಮತ್ತೆ ಮತ್ತೆ ಓದಿದ. ಆಮೇಲೆ ಅವ್ವನ ಎದುರಿಗೇ, ಇಪ್ಪತ್ತಮೂರು ವರ್ಷದ ಗಂಡಸು, ಗಳಗಳ ಅತ್ತ.

ಹಳೆಯ ಪೀಠಿಕೆಯನ್ನೇ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ ಬಿಡಿ. ಅಚ್ಚಾದ ವರದಿಯ ಆಸರೆಯಿತ್ತು, ಪದವಿ ಗ್ಯಾರಂಟಿ. ಲಿಂಗಯ್ಯ ಆ ಹಾಳೆಗಳನ್ನು ಒಲೆಗೆ ಹಾಕಿ ಹೊಸದಾಗಿ ಬರೆಯಲು ಕೂತ. ಬರ ಬಂದಾಗ ನೀರು ಯಾವ ಕ್ರಮದಲ್ಲಿ ಹರಿಯಿತು ಎಂಬುದರಿಂದಲೇ ಶುರುಮಾಡಿದ. ಯಾರ ಹೇಳಿಕೆ ಎಂದು ಪುಟದ ಬುಡದಲ್ಲಿ ನಮೂದಿಸಬೇಕಲ್ಲ? ಅಪ್ಪನ ಹೆಸರು ಹಾಕಿದರೆ ಅಪ್ಪನ ಆಣೆ ಮುರಿದಂತೆ. "ಮಾಯಮ್ಮ, ಕಳ್ಳೀಕೆರೆ" ಎಂದು ಬರೆದ.

ಸೋಮವಾರ ಪ್ರೊಫೆಸರು ಓದಿ, ಕನ್ನಡಕ ತೆಗೆದು, "ಯಾರಪ್ಪಾ ಈ ಮಾಯಮ್ಮ?" ಎಂದರು.

"ನಮ್ಮವ್ವ, ಸಾರ್."

"ಇಂಜಿನಿಯರ ವರದಿಗೆ ಎದುರಾಗಿ ನಿಮ್ಮವ್ವನ ಮಾತೇ?"

ಲಿಂಗಯ್ಯ ಒಣಗಿದ ಗದ್ದೆಗಳ ಪಟ್ಟಿಯನ್ನು ಮುಂದಿಟ್ಟ. ಪ್ರೊಫೆಸರು ಅದನ್ನು ಮೊದಲಿಂದ ಕೊನೆಯವರೆಗೆ ಓದಿದರು. "ಇದು ನಿಜವಾದರೆ ಉಳಿದ ನಾಲ್ಕು ಅಧ್ಯಾಯವೂ ಸುಳ್ಳಾಗುತ್ತವಲ್ಲಯ್ಯ. ಎಲ್ಲ ತಿದ್ದಬೇಕು. ಈ ವರ್ಷ ಪದವಿ ಇಲ್ಲ."

"ಗೊತ್ತು ಸಾರ್," ಎಂದ ಲಿಂಗಯ್ಯ. ಹಾಳೆಗಳನ್ನು ಮಡಿಸಿ ಬಗಲಿಗಿಟ್ಟುಕೊಂಡ.

ಊರಿಗೆ ವಾಪಸು ಬಂದಾಗ ಅಪ್ಪ ಅದೇ ಹೊಂಗೆ ಮರದ ಕೆಳಗಿದ್ದ. ಲಿಂಗಯ್ಯ ಹೊಸ ಪೀಠಿಕೆಯನ್ನು ಓದಿದ. ಪಟ್ಟಿಯನ್ನೂ ಓದಿದ, ನೀರಗಂಟಿ ನಿಂಗಯ್ಯನ ಗದ್ದೆ ಎಂದೇ ಶುರುಮಾಡಿ.

ನಿಂಗಯ್ಯ ಹಗ್ಗದಿಂದ ಕಣ್ಣೆತ್ತಲಿಲ್ಲ. ಯಾರ ಗದ್ದೆ ಎಷ್ಟು ಕುಡಿಯಿತು ಎಂದು ಈಗಲೂ ಒಂದು ಮಾತಾಡಲಿಲ್ಲ. ಹಗ್ಗದ ಎಳೆ ಬಿಗಿಮಾಡುತ್ತಾ ಕೇಳಿದ:

"ನಮ್ ಗದ್ದೆ ಯಾಕ್ಲಾ ಮೊದ್ಲು ಬಂತು?"

"ಶಾನುಭೋಗರ ಪಟ್ಟಿಯಲ್ಲಿ ಹಾಗೇ ಇದೆ ಅಪ್ಪ."

"ಸಾನುಭೋಗ್ರು ಬರ್ಕಳ್ಳಿ. ನೀನ್ ಬರೆಯೋವಾಗ ಕೊನೇಗೆ ಹಾಕು."

ಲಿಂಗಯ್ಯ ಲೇಖನಿ ತೆಗೆದು, ಆ ಸಾಲನ್ನು ಮೇಲಿನಿಂದ ಹೊಡೆದುಹಾಕಿ ಕಟ್ಟಕಡೆಗೆ ಬರೆದ. ಒಳಗಿನಿಂದ ಮಾಯಮ್ಮ, "ಪುಸ್ತಕದಾಗೂ ನಮ್ದು ಕೊನೇಗೇಯಾ!" ಎಂದು ಗದರಿಕೊಂಡು, ಇಬ್ಬರಿಗೂ ಉಣ್ಣಲು ಇಟ್ಟಳು.