ಈ ಹಂಗಾಮಿಗೆ ಐದು ಕುದುರೆ

ನಾನು ದನದ ದವಾಖಾನೆಯವಳು. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿದೆ. ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಎಮ್ಮೆಗೆ ಸೂಜಿ ಹಾಕುವುದು, ಆಡಿಗೆ ಜಂತಿನ ಔಷಧ ಕುಡಿಸುವುದು, ಎತ್ತಿನ ಹೆಗಲಿನ ಗಾಯ ತೊಳೆಯುವುದು, ಇಷ್ಟರಲ್ಲೇ ಇಪ್ಪತ್ತೆರಡು ವರ್ಷ ಕಳೆದವು. ಮದುವೆಯಾಗಲಿಲ್ಲ. ಬೇಡವೆಂದು ತೀರ್ಮಾನಿಸಿದ್ದೇನೂ ಅಲ್ಲ. ನೋಡಲು ಬರುವವರು ಒಂದು ವಯಸ್ಸಿನ ನಂತರ ಬರುವುದನ್ನು ನಿಲ್ಲಿಸಿದರು, ಅಷ್ಟೆ. ಲಕ್ಷ್ಮೇಶ್ವರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದುಕೊಂಡು ಒಬ್ಬಳೇ ಇದ್ದೇನೆ.

ನಮ್ಮ ಸೀಮೆಯಲ್ಲಿ ಕುದುರೆ ಅಪರೂಪ. ಟಾಂಗಾಗಳು ಹೋದ ಮೇಲೆ ಉಳಿದಿದ್ದು ಮದುವೆ ಮೆರವಣಿಗೆಯ ಒಂದೆರಡು ಬಿಳಿ ಕುದುರೆಗಳು ಮಾತ್ರ. ಏಳು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಅಂಥದೊಂದು ಹೆಣ್ಣು ಕುದುರೆಗೆ ಹೊಟ್ಟೆನೋವೆಂದು ಫೋನು ಬಂತು. ಡಾಕ್ಟರು ರಜೆಯಲ್ಲಿದ್ದರು. ನಾನು ಸ್ಕೂಟಿಯಲ್ಲಿ ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿಗೆ ಹೋದೆ. ಕುದುರೆಯ ಮಾಲೀಕ ಗೋಡೆಗೆ ಒರಗಿ ಅಳುತ್ತ ಕುಳಿತಿದ್ದ. ಬೇರೊಬ್ಬ ಮುದುಕರು, ಎಡಗಾಲು ಎಳೆಯುತ್ತಲೇ, ಹಗ್ಗ ಹಿಡಿದು ಅವಳನ್ನು ಸುತ್ತು ಹಾಕಿಸುತ್ತಿದ್ದರು.

"ಸ್ವಲ್ಪ ನಿಲ್ಲಸ್ರಿ, ನೋಡತೀನಿ" ಅಂದೆ.

"ನಿಲ್ಲಸಾಂಗಿಲ್ರಿ ಬಾಯಾರ. ನಿಂತ್ರ ಮಲಗತಾಳ, ಮಲಗಿದ್ರ ಹೊರಳತಾಳ, ಹೊರಳಿದ್ರ ಕರುಳು ತಿರುಚತಾವ. ನೀವೂ ಜೋಡಿ ನಡೀರಿ, ನಡಕೊಂತನ ನೋಡ್ರಿ."

ನಾನು ಜೊತೆಗೆ ನಡೆದೆ. ಕುದುರೆಗೆ ಸೂಜಿ ಹಾಕಿದ ಅನುಭವ ನನಗಿರಲಿಲ್ಲ. ಡಾಕ್ಟರು ಫೋನಿನಲ್ಲಿ ಔಷಧದ ಪ್ರಮಾಣ ಹೇಳಿದರು. ಕುತ್ತಿಗೆಯ ನರ ಎಲ್ಲಿ ಉಬ್ಬುತ್ತದೆಂದು ಮುದುಕರು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಸಂಜೆಯ ಹೊತ್ತಿಗೆ ಅವಳು ಲದ್ದಿ ಹಾಕಿದಳು. ಮುದುಕರು ಅದನ್ನು ನೋಡಿ, ಹಬ್ಬದ ಊಟ ಮುಗಿಸಿದವರ ಹಾಗೆ ನಿಟ್ಟುಸಿರು ಬಿಟ್ಟು ಕುಳಿತರು.

ಅವರ ಅಂಗಡಿ ಅಲ್ಲೇ ಇತ್ತು. ಮೋಟರ್‌ಸೈಕಲ್ಲಿನ ಸೀಟಿಗೆ ರೆಕ್ಸಿನ್ ಕವರು ಹೊಲಿಯುವ ಚಿಕ್ಕ ಗೂಡು. ಮುಂಡರಗಿಯ ರೈತ ಮನೆತನದವರು. ಹದಿನೈದರ ವಯಸ್ಸಿನಲ್ಲಿ ಮನೆ ಬಿಟ್ಟು ಒಂದು ದೊಡ್ಡ ಊರಿನ ರೇಸ್‌ಕೋರ್ಸು ಸೇರಿ, ಇಪ್ಪತ್ತೈದು ವರ್ಷ ಬೆಳಗಿನ ತಾಲೀಮಿಗೆ ಕುದುರೆ ಓಡಿಸಿದವರು. ರೇಸಿನ ದಿನ ಬಣ್ಣದ ಅಂಗಿ ತೊಟ್ಟು ಏರುವವರು ಬೇರೆ. ಉಳಿದ ದಿನಗಳಲ್ಲಿ ಮಂಜಿನಲ್ಲಿ ಆ ಕುದುರೆಗಳನ್ನು ಪಳಗಿಸುವವರು ಇವರು. ಜಾಕಿಯಾಗುವ ಆಸೆ ಅವರಿಗೂ ಇತ್ತು, ಮೈತೂಕ ಕೇಳಲಿಲ್ಲ.

ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ. ಅವರು ಬಾಯಾರ ಬಿಟ್ಟು ತಂಗಿ ಅನ್ನತೊಡಗಿದರು. ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋಗುವುದು ರೂಢಿಯಾಯಿತು. ಅವರ ಕಣ್ಣಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ಆ ದಿನದ ಓಟಗಳ ಪಟ್ಟಿ ಓದುತ್ತಿದ್ದೆ, ಆಮೇಲೆ ಇಬ್ಬರೂ ಓಟ ನೋಡುತ್ತಿದ್ದೆವು. ಒಂದು ರೂಪಾಯಿಯನ್ನೂ ಕಟ್ಟಿದವರಲ್ಲ. ಕಾಕಾಗೆ ಓಟಕ್ಕಿಂತ ಓಟದ ಮುಂಚಿನ ನಡಿಗೆ ಮುಖ್ಯ.

"ಮುಂಗಾಲು ಊರಿದ ಗುರುತು ದಾಟಿ ಹಿಂಗಾಲು ಬೀಳಬೇಕು ನೋಡು, ತಂಗಿ. ಅದು ಲಂಬಾ, ದೂರ ಓಡೂ ಕುದರಿ. ಕುತಗಿಮ್ಯಾಲ ಬೆವರು ಬಂದ್ರ ನಡೀತೈತಿ. ತೊಡಿ ನಡುವ ನೊರಿ ಬಂತಂದ್ರ ಓಟ ಅಲ್ಲೇ ಮುಗೀತು."

ಪ್ರತಿ ವರ್ಷ ಹಂಗಾಮು ಶುರುವಾಗುವ ಮುಂಚೆ, ವರ್ಷವಿಡೀ ಬೆನ್ನು ಹತ್ತಿ ನೋಡಲು ಐದು ಕುದುರೆ ಆರಿಸುತ್ತಿದ್ದೆವು. ಬೆಂಗಳೂರಿನ ಬೇಸಿಗೆ, ಆಮೇಲೆ ಮೈಸೂರು, ಪುಣೆಯ ಮಳೆಗಾಲ, ಮತ್ತೆ ಚಳಿಗಾಲ. ಮೂರು ನಮ್ಮ ದೇಶದವು, ಎರಡು ಪರದೇಶದವು. ಚಳಿಗಾಲದಲ್ಲಿ ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಧ್ಯಾಹ್ನ. ಅಲ್ಲಿ ಕೆಸರಿನಲ್ಲಿ ಬೇಲಿ ಹಾರುವ ಓಟಗಳು ನಡೆಯುತ್ತವೆ. ನನಗೆ ಎಳೆಯ ಕುದುರೆಗಳ ಹುಚ್ಚು. ಕಾಕಾ ಮಾತ್ರ ಬೇಲಿ ಹಾರುವ ಹಳೆಯ ಕುದುರೆಗಳನ್ನೇ ಹಿಡಿಯುತ್ತಿದ್ದರು.

"ಇಲ್ಲಿ ಆರು ವರ್ಸಕ್ಕ ಕುದರಿ ಮುದುಕಾತು ಅಂತಾರ. ಇದನ್ನ ನೋಡು, ಹನ್ನೊಂದು ವರ್ಸದ್ದು. ಬೇಲಿ ಮುಂದ ಬಂದ್ರ ಇನ್ನೂ ವಿಚಾರ ಮಾಡತೈತಿ."

ನನ್ನ ಜೊತೆ ಕೆಲಸ ಮಾಡುವವರಿಗೆ, ಮನೆಯ ಮಾಲೀಕರಿಗೆ, ಗದಗಿನಲ್ಲಿರುವ ನನ್ನ ತಂಗಿಗೆ ಕೂಡ ಈ ಸಂಗತಿ ಗೊತ್ತಿರಲಿಲ್ಲ. ಕುದುರೆ ರೇಸು ಎಂದರೆ ಮನೆ ಮುಳುಗಿಸುವ ಚಟ ಎಂಬುದಷ್ಟೇ ಎಲ್ಲರಿಗೂ ಗೊತ್ತು. ಹೇಳಿ ತಿಳಿಸುವ ಉಮೇದು ನನಗಿರಲಿಲ್ಲ. ವಾರವೆಲ್ಲ ಯಾರೊಂದಿಗೂ ಆಡದ ಮಾತುಗಳನ್ನು ಆ ಗೂಡಿನಲ್ಲಿ ಕುಳಿತು ಆಡುತ್ತಿದ್ದೆ. ಅಲ್ಲಿಂದ ಎದ್ದು ಬಂದರೆ ಮುಂದಿನ ಭಾನುವಾರದವರೆಗೆ ಮತ್ತೆ ದನಗಳ ಜೊತೆ.

ಎರಡು ವರ್ಷದ ಹಿಂದೆ ನಾನು ಒಂದು ಬೂದು ಬಣ್ಣದ ಹೆಣ್ಣು ಕುದುರೆಯನ್ನು ಪಟ್ಟಿಗೆ ಸೇರಿಸಿದೆ. ಆಗಷ್ಟೇ ಎರಡು ವರ್ಷ ತುಂಬಿದ್ದ ಅವಳು ಬೆಂಗಳೂರಿನ ಚಳಿಗಾಲದಲ್ಲಿ ಓಡುವವಳಿದ್ದಳು. ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳದೇ ಬಣ್ಣ, ಅದೇ ಎತ್ತಿದ ಕುತ್ತಿಗೆ. ನಾವು ಅವಳನ್ನು ಮಾಗಡಿಯಾಕಿ ಎಂದೇ ಕರೆದೆವು. ಕಾಕಾ ಒಪ್ಪಲಿಲ್ಲ.

"ಹಿಂಗಾಲು ಒಂದಕ್ಕೊಂದು ಹತ್ತಿಕೊಂಡು ಬೀಳತಾವ. ಇನ್ನೊಂದು ಬ್ಯಾಸಿಗಿ ಬಿಡಬೇಕಿತ್ತು. ಜಲ್ದಿ ಮಾಡತಾರ ಇವರು."

"ನಾ ಹೋಗಿ ನೋಡಿ ಬರತೀನಿ, ಕಾಕಾ. ನೀವೂ ಬರ್ರಿ. ಇಷ್ಟು ವರ್ಸ ಬರೇ ಮೊಬೈಲಿನ್ಯಾಗ ನೋಡಿದ್ದಾತು."

ಅವರು ಹೊಲಿಗೆ ನಿಲ್ಲಿಸಿದರು. ನಂತರ, ಸೂಜಿಯ ಕಡೆಗೇ ನೋಡುತ್ತ, ತಮ್ಮ ಕಾಲಿನ ವಿಷಯ ಹೇಳಿದರು. ಕಾಲು ಹೇಗೆ ಮುರಿಯಿತೆಂದು ನಾನು ಎಂದೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ತಾಲೀಮಿನಲ್ಲಿ ಅವರು ಏರಿದ್ದ ಹೆಣ್ಣು ಕುದುರೆಯ ಮುಂಗಾಲು ಓಟದ ನಡುವೆಯೇ ಮುರಿದಿತ್ತು. ಇಬ್ಬರೂ ಬಿದ್ದಿದ್ದರು.

"ಸುತ್ತ ಪರದೆ ಹಿಡದ್ರು, ಮಂದಿ ನೋಡಬಾರದಂತ. ನಾನೂ ಪರದೆ ಒಳಗ ಇದ್ದೆ. ನನಗ ಏಳಾಕ ಆಗಲಿಲ್ಲ. ಆಕಿ ನನ್ನ ಕಡೀನ ನೋಡಾಕ ಹತ್ತಿದ್ಲು. ಕಾಲು ಮುರದ ಕುದರಿ ಉಳಿಸೂದಿಲ್ಲ. ಸೂಜಿ ಹಾಕಿದ್ರು." ದಾರವನ್ನು ಹಲ್ಲಿನಿಂದ ಕಡಿದರು. "ಯಾರದೂ ತಪ್ಪಿಲ್ಲ ಅಂದ್ರು. ಖರೆ ಇರಬೇಕು. ನಾ ಮಾತ್ರ ಆ ಮ್ಯಾಲೆ ಯಾವ ರೇಸಿನ ಗೇಟಿನ್ಯಾಗೂ ಕಾಲಿಟ್ಟಿಲ್ಲ. ನೀ ಹೋಗಿ ಬಾ."

ನಾನು ಗದಗಿಗೆ ಬಂದು ರೈಲು ಹತ್ತಿದೆ. ತಂಗಿಗೆ ಇಲಾಖೆಯ ತರಬೇತಿ ಎಂದು ಸುಳ್ಳು ಹೇಳಿದೆ. ಐವತ್ತು ದಾಟಿದವಳು ಕುದುರೆ ನೋಡಲು ರಜೆ ಹಾಕಿ ಹೊರಟಿದ್ದೇನೆಂದು ಹೇಳಲು ನಾಚಿಕೆಯಾಯಿತು.

ರೇಸ್‌ಕೋರ್ಸಿನಲ್ಲಿ ಓಟದ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಅಂಗಳದ ಕಟಕಟೆ ಹಿಡಿದು ನಿಂತೆ. ಮಾಗಡಿಯಾಕಿ ಬಂದಳು. ಮೊಬೈಲಿನಲ್ಲಿ ಅಂಗೈ ಅಗಲ ಇದ್ದವಳು ಇಲ್ಲಿ ನನ್ನ ತಲೆಗಿಂತ ಎತ್ತರ. ಅವಳ ಹೊಟ್ಟೆಯ ಪಕ್ಕದ ನರಗಳು, ಮೂಗಿನ ಒಳಗಿನ ಗುಲಾಬಿ ಬಣ್ಣ, ಎಲ್ಲವೂ ಕಂಡವು. ಪಕ್ಕದಲ್ಲಿ ನಿಂತವರಿಗೆ ನೋಡಿ ನೋಡಿ ಎಂದು ಹೇಳಬೇಕೆನಿಸಿತು. ಬಲಕ್ಕಿದ್ದವರು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು, ಎಡಕ್ಕಿದ್ದವರು ಫೋನಿನಲ್ಲಿ ಯಾರಿಗೋ ನಂಬರು ಹೇಳುತ್ತಿದ್ದರು. ಅಷ್ಟು ಜನರ ನಡುವೆ ನಿಂತು ಶಿರಹಟ್ಟಿಗೆ ಫೋನು ಹಚ್ಚಿದೆ.

"ಕಿವಿ ಹೆಂಗದಾವ?" ಕಾಕಾ ಕೇಳಿದ ಮೊದಲ ಮಾತು.

"ಒಂದು ಮುಂದ, ಒಂದು ಹಿಂದ."

"ಬೆವರು?"

"ಕುತಗಿಗೆ ಐತ್ರಿ. ತೊಡಿ ಕಡೆ ಕಾಣವಲ್ದು... ಇಲ್ಲ, ಐತಿ. ನೊರಿ ಐತಿ."

"ಹೂಂ."

ಓಟ ಶುರುವಾದಾಗ ಫೋನು ಕಿವಿಗೇ ಇತ್ತು. ಕಂಡದ್ದನ್ನು ಹೇಳುತ್ತ ಹೋದೆ. ಮಾಗಡಿಯಾಕಿ ಮೊದಲ ಅರ್ಧ ಮುಂದಿದ್ದಳು, ತಿರುವಿನಲ್ಲೂ ಮುಂದಿದ್ದಳು. ಕೊನೆಯ ಹಾದಿಗೆ ಬಂದಾಗ ಒಂದನ್ನು ಬಿಟ್ಟು ಉಳಿದವೆಲ್ಲ ಒಂದೊಂದಾಗಿ ಅವಳನ್ನು ದಾಟಿದವು. ಹಿಂದಿನಿಂದ ಎರಡನೆಯವಳಾಗಿ ಮುಗಿಸಿದಳು. ಸುತ್ತಲಿನ ಗದ್ದಲದಲ್ಲಿ ಕಾಕಾ ಏನೋ ಕೇಳಿದರು, ಕೇಳಿಸಲಿಲ್ಲ. ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿ ಮೂಲೆಗೆ ಸರಿದೆ.

"ಕುಂಟತಾಳೇನು ಅಂತ ಕೇಳಿದ್ನಿ."

"ಇಲ್ರಿ. ನಡಕೊಂಡು ಬರಾಕ ಹತ್ಯಾಳ."

"ನಾಕೂ ಕಾಲು ಊರತಾಳ?"

"ನಾಕೂ ಊರತಾಳ, ಕಾಕಾ."

"ಆತು ಮತ್ತ. ಊಟಾ ಮಾಡಿ ಊರಿಗೆ ಬಾ."

ನಾನು ಹೇಳುತ್ತಿದ್ದಷ್ಟು ಹೊತ್ತೂ ಅವರು ಯಾವ ಮಾತಿಗೆ ಕಾಯುತ್ತಿದ್ದರೆಂದು ಆಗ ತಿಳಿಯಿತು.

ಮುಂದಿನ ವರ್ಷ ಮಳೆಗಾಲದಲ್ಲಿ ಕಾಲುಬಾಯಿ ಬೇನೆಯ ಲಸಿಕೆಗೆಂದು ನಾನು ಮೂರು ವಾರ ಹಳ್ಳಿ ಹಳ್ಳಿ ಸುತ್ತಿದೆ. ಭಾನುವಾರವೂ ಬಿಡುವಿರಲಿಲ್ಲ. ಕಾಕಾಗೆ ಎರಡು ಸಲ ಫೋನು ಮಾಡಿದೆ, ಅವರು ಎತ್ತಲಿಲ್ಲ. ಕಿವಿ ಮಂದವಾಗಿದೆ, ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಲಸಿಕೆ ಮುಗಿಸಿ ಶಿರಹಟ್ಟಿಗೆ ಹೋದಾಗ ಅಂಗಡಿ ಮುಚ್ಚಿತ್ತು. ಪಕ್ಕದ ಚಹಾದಂಗಡಿಯವರು ನನ್ನನ್ನು ಆರು ವರ್ಷದಿಂದ ನೋಡಿದವರು.

"ಕಾಕಾ ಹೋಗಿ ಹತ್ತು ದಿನಾ ಆತಲ್ರೀ. ಕುಂತಲ್ಲೇ ಹೋದ್ರು. ತಮ್ಮಗೋಳು ಮುಂಡರಗಿಗೆ ಒಯ್ದ್ರು. ನಿಮಗ ಯಾರೂ ಖಬರ ಮುಟ್ಟಿಸಲಿಲ್ಲೇನ್ರಿ?"

ಯಾರು ಮುಟ್ಟಿಸಬೇಕಿತ್ತು? ಆ ಮನೆಯವರಿಗೆ ನಾನು ಯಾರೂ ಅಲ್ಲ. ಹೇಳಬೇಕಾದವರ ಪಟ್ಟಿಯಲ್ಲಿ ನನ್ನಂಥವಳ ಹೆಸರು ಯಾರಿಗೆ ಹೊಳೆದೀತು? ಚಹಾ ಕೊಟ್ಟರು, ಕುಡಿದೆ. ಅಳು ಬರಲಿಲ್ಲ. ಅಲ್ಲಿ ಅಳುವ ಹಕ್ಕು ಇದೆಯೋ ಇಲ್ಲವೋ ಎಂದು ಅನುಮಾನಿಸುತ್ತ ಕುಳಿತಿದ್ದೆ.

ಮರುದಿನ ಬಸ್ಸು ಹಿಡಿದು ಮುಂಡರಗಿಗೆ ಹೋದೆ. ಕಾಕಾ ಅವರ ತಮ್ಮ ಕಟ್ಟೆಯ ಮೇಲೆ ಕುಳಿತಿದ್ದರು, ಅದೇ ಮೂಗು, ಅದೇ ಗದ್ದ. ಅವರ ಹೆಂಡತಿ ನೀರು ತಂದುಕೊಟ್ಟು, "ನೀವು ಯಾರ ಪೈಕಿರಿ?" ಎಂದು ಕೇಳಿದರು.

"ನಾ ದನದ ದವಾಖಾನ್ಯಾಕಿ. ಅವರ ಅಂಗಡಿಗೆ ಬರತಿದ್ದೆ."

"ಗಾಡಿ ಸೀಟು ಹೊಲಿಸಾಕೇನ್ರಿ?"

ಹೂಂ ಎನ್ನುವವಳಿದ್ದೆ. ಆದರೆ ಬಾಯಿಂದ ಬೇರೆಯದೇ ಬಂತು. "ಇಲ್ರಿ. ಕುದರಿ ಬಗ್ಗೆ ಮಾತಾಡಾಕ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಣ್ಣ ಹೊರಗಿನ ಊರಿನಲ್ಲಿ ಯಾವುದೋ ಕಂಪನಿಯಲ್ಲಿದ್ದ, ಅಲ್ಲಿ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡ ಎಂದಷ್ಟೇ ಅವರಿಗೆ ಗೊತ್ತಿತ್ತು. ನಾನು ಹೇಳಿದೆ. ಇಪ್ಪತ್ತೈದು ವರ್ಷ ಬೆಳಗಾಗುವ ಮುನ್ನ ಎದ್ದು ಕುದುರೆ ಓಡಿಸಿದ್ದನ್ನು, ಕೆಟ್ಟ ಹಟದ ಕುದುರೆಗಳನ್ನು ಇವರಿಗೇ ಕೊಡುತ್ತಿದ್ದುದನ್ನು, ಬಿಳಿ ಕುದುರೆಯ ಜೀವ ಉಳಿಸಿದ್ದನ್ನು. ಪರದೆಯ ಸಂಗತಿ ಮಾತ್ರ ಹೇಳಲಿಲ್ಲ.

"ಕುದರಿ ಮ್ಯಾಲ? ನಮ್ಮಣ್ಣ?" ತಮ್ಮ ಮೆಲ್ಲಗೆ ಕೇಳಿದರು. "ಸಣ್ಣಾಂವ ಇದ್ದಾಗ ಎತ್ತು ಹತ್ತಿ ಹಳ್ಳಕ್ಕ ಹೋಗಿ ಅಪ್ಪನ ಕಡಿಂದ ಬಡಿಸಿಕೊಂಡಿದ್ದ. ಅಷ್ಟ ನೆನಪೈತಿ ನನಗ." ಕಟ್ಟೆಯಿಂದ ಎದ್ದು, "ಊಟಾ ಮಾಡಿಕೊಂಡು ಹೋಗ್ರಿ ಅಕ್ಕಾರ" ಅಂದರು. ಉಂಡು ಬಂದೆ.

ಈಗ ಬೇಸಿಗೆಯ ಹಂಗಾಮು ಶುರುವಾಗಲಿದೆ. ಈ ಸಲದ ಐದನ್ನು ಒಬ್ಬಳೇ ಆರಿಸಿದ್ದೇನೆ. ಬೆಂಗಳೂರಿನಲ್ಲಿ ಹಣೆಗೆ ಬಿಳಿ ಚುಕ್ಕೆಯ ಕೆಂಪು ಗಂಡು, ಹೋದ ಚಳಿಗಾಲ ಎರಡೇ ಸಲ ಓಡಿತು, ಎರಡು ಸಲವೂ ಮುಗಿಯುವ ಗೆರೆ ದಾಟಿದ ಮೇಲೆ ಇನ್ನೂ ಓಡುವ ಮನಸ್ಸಿತ್ತು. ದೂರದ ಓಟ ಸಿಕ್ಕರೆ ನೋಡಬೇಕು. ಮೈಸೂರಿಗೆ ಹೋಗುವ ಕಪ್ಪು ಹೆಣ್ಣು, ಗಿಡ್ಡ, ಕೆಸರಿಗೆ ಹೆದರದವಳು. ಪುಣೆಯ ಮಳೆಗೆ ಒಂದು ಕಂದು ಹೆಣ್ಣು, ಅಗಲ ಗೊರಸಿನವಳು, ಒದ್ದೆ ನೆಲ ಅವಳಿಗೆ ಆಗಿ ಬರಬಹುದು. ಚಳಿಗಾಲಕ್ಕೆ ಬೇಲಿ ಹಾರುವವು ಎರಡು. ಒಂದಕ್ಕೆ ಐದು ವರ್ಷ, ಸಮತಟ್ಟಿನ ಓಟದಲ್ಲಿ ಸೋತು ಈಗಷ್ಟೇ ಹಾರಲು ಕಲಿಯುತ್ತಿದೆ. ಇನ್ನೊಂದಕ್ಕೆ ಹನ್ನೆರಡು. ಅದನ್ನು ಸೇರಿಸುವುದು ತಪ್ಪೆಂದು ನನಗೇ ಗೊತ್ತು.

ಕಳೆದ ಭಾನುವಾರ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಮೊಬೈಲಿನಲ್ಲಿ ಓಟ ನೋಡುತ್ತಿದ್ದೆ. ಪಕ್ಕದಲ್ಲಿ ಬಾಳೆಹೊಸೂರಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸು, ಮಡಿಲಲ್ಲಿ ಸಂತೆಯ ಚೀಲ, ಬಗ್ಗಿ ನೋಡಿದಳು. ನಾನು ಮೊಬೈಲನ್ನು ಅವಳ ಕಡೆಗೂ ತಿರುಗಿಸಿದೆ. ಓಟ ಮುಗಿಯುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು.

"ಎಷ್ಟು ಚೆಂದ ಓಡತಾವ್ರಿ" ಅಂದಳು. "ಓಡಿ ಎಲ್ಲಿಗೆ ಹೊಕ್ಕಾವ?"

ಅಷ್ಟರಲ್ಲಿ ಅವಳ ಬಸ್ಸು ಬಂತು. ಚೀಲ ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು, "ಬರತೀನ್ರಿ" ಎಂದು ಓಡಿದಳು. ಕಿಟಕಿಯ ಪಕ್ಕ ಅವಳಿಗೆ ಜಾಗ ಸಿಕ್ಕಿತು. ಬಸ್ಸು ತಿರುಗಿ ಹೋಗುವವರೆಗೆ ನಾನು ಅತ್ತಲೇ ನೋಡುತ್ತಿದ್ದೆ. ಅವಳು ಆಗಲೇ ಪಕ್ಕದವಳೊಂದಿಗೆ ಮಾತು ಶುರುವಿಟ್ಟಿದ್ದಳು.