ವಿಮಲಕ್ಕ ಬೆರಳಿಟ್ಟ ಜಾಗ

ದೆವ್ವ, ಶಕುನ, ಒಳಗಣ್ಣು ಎಂದು ಯಾರಾದರೂ ಮಾತೆತ್ತಿದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆಂದಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಪುಣೆಯ ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನ ನಡೆದದ್ದು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಬಾಹ್ಯಾಕಾಶ ದೂರದರ್ಶಕ ಕಳಿಸುವ ಚಿತ್ರಗಳನ್ನು ಶುದ್ಧಮಾಡಿ ಬಣ್ಣ ಕೂಡಿಸುವುದು ನಮ್ಮ ಕೆಲಸ. ಆ ಸಲ ಬಂದಿದ್ದು ದೂರದ ಒಂದು ನಕ್ಷತ್ರಗುಚ್ಛ. ರವೆ ಚೆಲ್ಲಿದ ಹಾಗೆ ಲಕ್ಷಾಂತರ ನಕ್ಷತ್ರಗಳು. ನನಗೆ ಈ ವಿದ್ಯೆ ಕಲಿಸಿದವರು ಧಾರವಾಡದ ಕಡೆಯ ವಿಮಲಕ್ಕ. ಅಂಥ ಸೂಕ್ಷ್ಮ ಕಣ್ಣನ್ನು ಬೇರೆ ಯಾರಲ್ಲೂ ಕಂಡಿಲ್ಲ. ಹಾಳಾದ ಸಕ್ಕರೆ ಕಾಯಿಲೆ ಆ ಕಣ್ಣಿಗೇ ವಕ್ಕರಿಸಿತ್ತು. ಎದುರಿನ ಚಹಾದ ಲೋಟವನ್ನೂ ತಡಕಿ ಹಿಡಿಯುತ್ತಿದ್ದರು. ಆ ಮಧ್ಯಾಹ್ನದ ಮರುದಿನವೇ ಆಪರೇಷನ್, ದೃಷ್ಟಿ ಮರಳುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ.

ಆಸ್ಪತ್ರೆಗೆ ಕರೆದೊಯ್ಯಲು ಹತ್ತಿರದ ದೌಂಡ್ ಊರಿನಿಂದ ಬಂದಿದ್ದ ತಮ್ಮನನ್ನು ಕೆಳಗೆ ರಿಕ್ಷಾದಲ್ಲೇ ಕೂರಿಸಿ, ವಿಮಲಕ್ಕ ಗೋಡೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಕಡೀ ಸಲ ಆದ್ರೂ ಆಗಬಹುದು. ಒಮ್ಮೆ ಇದರ ಮುಂದ ಕೂಡ್ತೀನಿ ತಮ್ಮಾ."

ನನ್ನ ಕುರ್ಚಿಯಲ್ಲೇ ಅವರನ್ನು ಕೂರಿಸಿದೆ. ಪರದೆಯ ಮೇಲೆ ನಾನು ಮುಗಿಸಿದ್ದ ಚಿತ್ರವಿತ್ತು.

"ಏನಾದ್ರೂ ಕಾಣ್ತಿದ್ಯಾ ಅಕ್ಕಾ?"

"ಬರೇ ಬೆಳಕು" ಎಂದವರು ಥಟ್ಟನೆ ಮೂಲೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲೊಂದು ಚುಕ್ಕಿ ಇತ್ತಲ್ಲ, ಯಾಕ ಅಳಿಸಿದಿ?"

ಪಾಪ, ಎಂದುಕೊಂಡೆ. ಅವರು ಹೋದ ಮೇಲೆ ಮನಸ್ಸು ತಡೆಯದೆ ಮೂಲ ಚಿತ್ರಗಳನ್ನು ತೆರೆದೆ. ಒಂದೇ ಜಾಗವನ್ನು ದೂರದರ್ಶಕ ಹಲವು ಸಲ ಸೆರೆಹಿಡಿಯುತ್ತದೆ. ಒಂದರಲ್ಲಿ ಮಾತ್ರ ಕಾಣುವ ಚುಕ್ಕಿಯನ್ನು ಸಾಫ್ಟ್‌ವೇರ್ ಕಸವೆಂದು ಒರೆಸಿಬಿಡುತ್ತದೆ. ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವಾಗ ಆ ಮೂಲೆ ಕೂದಲೆಳೆಯಷ್ಟು ಜಾರಿತ್ತು. ಅಲ್ಲಿದ್ದ ಮಸುಕು ನಕ್ಷತ್ರವೊಂದು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬಿದ್ದು, ಕಸದ ಜೊತೆ ಹೋಗಿತ್ತು. ಅವರು ಬೆರಳಿಟ್ಟ ಜಾಗದಲ್ಲೇ! ಆ ಮೂಲ ಚಿತ್ರಗಳು ನಮಗೆ ಬರುವ ಮೊದಲೇ ವಿಮಲಕ್ಕನ ಕಣ್ಣು ಕೈಕೊಟ್ಟಿತ್ತು. ಅವನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಕಾಕತಾಳೀಯ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ನೋಡಿದೆ, ಸಮಾಧಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ.

ದೇವರ ದಯೆ ಎನ್ನೋಣ, ಒಂದು ಕಣ್ಣಿಗೆ ದೃಷ್ಟಿ ಮರಳಿತು. ಮತ್ತೆ ಕೆಲಸಕ್ಕೆ ಬಂದ ದಿನ ನಡೆದದ್ದನ್ನೆಲ್ಲ ಹೇಳಿ, ತಿದ್ದಿದ ಚಿತ್ರ ತೋರಿಸಿದೆ. ಹತ್ತಿರ ಬಾಗಿದರು, ಹಿಂದೆ ಸರಿದರು, ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು.

"ಭಾಳ ಚಂದ ಬಂದದ. ಆದ್ರ ನೀ ಹೇಳೋ ಚುಕ್ಕಿ ಎಲ್ಲದನೋ ತಮ್ಮಾ?"

ಈ ಸಲ ನಾನೇ ಅವರ ಬೆರಳು ಹಿಡಿದು ಅದರ ಮೇಲಿಟ್ಟೆ.